ರಸವಿಚಾರಕ್ಕೆ ಶಾಸ್ತ್ರದ ಮರ್ಯಾದೆ ತಂದ ಮೈಸೂರು ಹಿರಿಯಣ್ಣನವರು

ಬಳ್ಳಾರಿಯು ನಾಟಕದ ಊರೆಂಬುದನ್ನು ನಮ್ಮ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಹಗಲೆಲ್ಲ ಕೋರ್ಟಿನಲ್ಲಿ ಕಕ್ಷಿಗಾರರ ವ್ಯಾಜ್ಯಗಳನ್ನು ನಡೆಸಿ, ಅದರೊಡನೆ ರಂಗಭೂಮಿಯ ಸೇವೆಯನ್ನೂ ಕೈಕೊಂಡ ವಕೀಲರು ಈ ಊರಿನಲ್ಲಿ ಒಬ್ಬರಲ್ಲ, ಮೂವರು ಆಗಿಹೋದರು. ಧರ್ಮವರಂ ರಾಮಕೃಷ್ಣಮಾಚಾರ್ಯರು ಸಾರಂಗಧರನ ಕಥೆಯನ್ನು ದುಃಖಾಂತವಾಗಿ ಬರೆದು, ನಾಟಕವು ಮಂಗಳದಲ್ಲಿಯೇ ಮುಗಿಯತಕ್ಕದ್ದೆಂಬ ಹಳೆಯ ಕಟ್ಟಳೆಯನ್ನು ಮೀರಿದರು. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ರಂಗದ ಮೇಲೆ ತಂದುದಲ್ಲದೆ, 1908ರಲ್ಲಿ ಪ್ರಪಂಚದ ನಾಟಕಗಳ ಇತಿಹಾಸವನ್ನೇ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಬಳ್ಳಾರಿ ರಾಘವರು 1946ರಲ್ಲಿ ತೀರಿಕೊಂಡರೂ ಅವರ ಹರಿಶ್ಚಂದ್ರನ ಕೀರ್ತಿಯು ಈ ಊರಿನ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ನಡೆದುಬಂದಿದೆ. ತೆಲುಗು ಕನ್ನಡಗಳೆರಡೂ ಬೀದಿಯ ಮಾತಾಗಿರುವ ಈ ಊರಿನಲ್ಲಿ ಕಣ್ಣೀರಿಗೆ ಮಾತ್ರ ಭಾಷೆಯ ಭೇದವಿರಲಿಲ್ಲ.

ಈಚೆಗೆ ಒಂದು ಸಂಜೆ ಸತ್ಯನಾರಾಯಣಪೇಟೆಯ ಮಿತ್ರರೊಬ್ಬರ ಮನೆಯಲ್ಲಿ ನಾವು ಕೆಲವರು ಕುಳಿತಿದ್ದಾಗ ಈ ಕಣ್ಣೀರಿನ ಮಾತೇ ಹೊರಟಿತು. ನಿವೃತ್ತ ಅಧಿಕಾರಿಗಳೊಬ್ಬರು ಒಂದು ಸಂದೇಹವನ್ನು ಮುಂದಿಟ್ಟರು. ನೆರೆಮನೆಯಲ್ಲಿ ಮಗು ಸತ್ತರೆ ಆ ತಾಯಿಯ ಗೋಳನ್ನು ಕೇಳಲಾರದೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅದೇ ಚಂದ್ರಮತಿಯು ಸ್ಮಶಾನದಲ್ಲಿ ಮಗನ ಹೆಣದ ಮೇಲೆ ಬಿದ್ದು ಅಳುವುದನ್ನು ನೋಡುವುದಕ್ಕೆ ದುಡ್ಡು ಕೊಟ್ಟು, ನಿದ್ದೆಗೆಟ್ಟು ಕುಳಿತುಕೊಳ್ಳುತ್ತೇವೆ, ಅತ್ತು ಅತ್ತು ತೃಪ್ತರಾಗಿ ಮನೆಗೆ ಬರುತ್ತೇವೆ. ಇದು ಹೇಗೆ? ನಾಟಕವು ಸುಳ್ಳೆಂದು ನಮಗೆ ಗೊತ್ತಿರುವುದರಿಂದ ಎಂದು ಒಬ್ಬರು ಸಮಾಧಾನ ಹೇಳಿದರು. ಸುಳ್ಳೆಂದು ಗೊತ್ತಿದ್ದ ಮೇಲೆ ಕಣ್ಣೀರು ಏಕೆ ಬರಬೇಕೆಂದು ಇನ್ನೊಬ್ಬರು ಕೇಳಿದರು. ಕನಿಕರದಿಂದ ಎಂದು ಮತ್ತೊಬ್ಬರೆಂದರು. ಕನಿಕರವೆಂಬುದು ನೋವು, ನೋವನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಮಾತು ಅಲ್ಲಿಗೆ ನಿಂತಿತು.

ಈ ಪ್ರಶ್ನೆಯು ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಪಂಡಿತರು ಇದನ್ನು ತಲೆಮಾರುಗಳವರೆಗೆ ಚರ್ಚಿಸಿದರು. ಆ ಚರ್ಚೆಯ ತಿರುಳನ್ನು ಕಳೆದ ಶತಮಾನದಲ್ಲಿ ವಿದ್ವಲ್ಲೋಕದ ಮುಂದೆ ಸ್ಪಷ್ಟವಾಗಿ ಇಟ್ಟವರಲ್ಲಿ ಅಗ್ರಗಣ್ಯರೊಬ್ಬರು ನಮ್ಮ ನಾಡಿನವರೇ ಆದ ಮೈಸೂರು ಹಿರಿಯಣ್ಣನವರು. ಭಾರತೀಯ ದರ್ಶನಗಳ ಇತಿಹಾಸಕಾರರೆಂದು ಅವರ ಹೆಸರನ್ನು ಬಲ್ಲವರು ಬಹು ಮಂದಿ. ಕಲೆಯ ತತ್ತ್ವವನ್ನು ಕುರಿತು ಅವರು ಮಾಡಿದ ಸಂಶೋಧನೆಯನ್ನು ಬಲ್ಲವರು ಅಷ್ಟಿಲ್ಲ. ಆದಕಾರಣ ಅವರ ಜೀವನವನ್ನೂ ಈ ಕಾರ್ಯವನ್ನೂ ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಹಿರಿಯಣ್ಣನವರು 1871ನೆಯ ಇಸವಿಯ ಮೇ 7ರಂದು ಮೈಸೂರಿನಲ್ಲಿ ಜನಿಸಿದರು. ಸಂಸ್ಕೃತದ ವ್ಯಾಸಂಗವು ಊರಿನಲ್ಲಿಯೇ ಸಂಪ್ರದಾಯದ ಕ್ರಮದಲ್ಲಿ ನಡೆಯಿತು. ಇಂಗ್ಲಿಷ್ ವಿದ್ಯಾಭ್ಯಾಸಕ್ಕಾಗಿ ಅವರು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಹೀಗೆ ಒಂದು ಕಡೆ ಶಾಸ್ತ್ರಪಾಠ, ಮತ್ತೊಂದು ಕಡೆ ಪಾಶ್ಚಾತ್ಯ ವಿಚಾರಪದ್ಧತಿ, ಇವೆರಡೂ ಅವರಲ್ಲಿ ಸೇರಿಕೊಂಡವು. ಎರಡನ್ನೂ ಕಲಿತವರು ಆ ಕಾಲದಲ್ಲಿ ಅನೇಕರಿದ್ದರು. ಆದರೆ ಒಂದನ್ನು ಹಿಡಿದು ಇನ್ನೊಂದನ್ನು ಹೀಗಳೆಯದೆ, ಎರಡಕ್ಕೂ ಸಲ್ಲತಕ್ಕ ಗೌರವವನ್ನು ಸಲ್ಲಿಸಿದವರು ವಿರಳ. ಹಿರಿಯಣ್ಣನವರು ಈ ವಿರಳರ ಗುಂಪಿಗೆ ಸೇರಿದವರು.

ವಿದ್ಯಾಭ್ಯಾಸವು ಮುಗಿದ ತರುವಾಯ ಅವರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಕೆಲಸಕ್ಕೆ ಸೇರಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಶಾಮಶಾಸ್ತ್ರಿಗಳು ಪ್ರಕಟಿಸಿದ್ದು ಇದೇ ಭಂಡಾರದ ತಾಳೆಯೋಲೆಯಿಂದ ಎಂಬುದನ್ನು ವಾಚಕರು ಬಲ್ಲರು. ಓಲೆಗಳ ನಡುವೆ ದುಡಿದವನಿಗೆ ಒಂದು ಶಿಕ್ಷಣವು ತಾನಾಗಿಯೇ ದೊರೆಯುತ್ತದೆ. ಒಂದಕ್ಷರವು ಸಂದಿಗ್ಧವಾದರೂ ಅದನ್ನು ಬಿಟ್ಟು ಮುಂದೆ ಹೋಗಬಾರದು, ಊಹೆಯನ್ನು ನಿಶ್ಚಯವೆಂದು ಹೇಳಬಾರದು ಎಂಬುದೇ ಆ ಶಿಕ್ಷಣ. ಮುಂದೆ ಅವರು ಉಪಾಧ್ಯಾಯ ವೃತ್ತಿಯನ್ನು ಕೈಕೊಂಡು, 1912ರಲ್ಲಿ ಮಹಾರಾಜರ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಅಲ್ಲಿ ಸಂಸ್ಕೃತದ ಪ್ರೊಫೆಸರಾದರು. ಭಾರತೀಯ ತತ್ತ್ವಶಾಸ್ತ್ರವನ್ನೂ ಬಹುವರ್ಷ ಬೋಧಿಸಿದರು. 1918ರಿಂದ 1921ರವರೆಗೆ ಅಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರಾಗಿದ್ದ ಡಾಕ್ಟರ್ ರಾಧಾಕೃಷ್ಣನ್ ಅವರಿಗೂ ಹಿರಿಯಣ್ಣನವರಿಗೂ ಬೆಳೆದ ಸ್ನೇಹಾದರಗಳು ಕೊನೆಯವರೆಗೂ ಉಳಿದವು.

ಕಲೆಯ ಪ್ರಶ್ನೆಗೆ ಅವರು ಬಂದ ಸಂದರ್ಭವನ್ನು ಈಗ ನೋಡೋಣ. ಆ ಕಾಲದ ಯುರೋಪಿನ ಪಂಡಿತರಲ್ಲಿ ಒಂದು ಅಭಿಪ್ರಾಯವು ಬೇರೂರಿತ್ತು. ಭಾರತೀಯರು ಪರಲೋಕದ ಚಿಂತೆಯಲ್ಲಿ ಮುಳುಗಿದವರು; ಸೌಂದರ್ಯವೆಂಬುದನ್ನು ತತ್ತ್ವದೃಷ್ಟಿಯಿಂದ ವಿಚಾರಿಸುವ ಗೋಜಿಗೆ ಅವರು ಹೋಗಲೇ ಇಲ್ಲವೆಂಬುದೇ ಆ ಅಭಿಪ್ರಾಯ. ವೇದಗಳನ್ನು ಅಚ್ಚು ಹಾಕಿಸಿ ನಮ್ಮವರ ಗೌರವಕ್ಕೆ ಪಾತ್ರರಾದ ಮ್ಯಾಕ್ಸ್ ಮುಲ್ಲರರೇ, ಪ್ರಕೃತಿಯಲ್ಲಿ ಸೌಂದರ್ಯವೆಂಬ ಭಾವನೆಯು ಹಿಂದೂಗಳ ಮನಸ್ಸಿನಲ್ಲಿ ಇರಲಿಲ್ಲವೆಂದು ಬರೆದಿದ್ದರು. ಇಂಥ ಮಾತನ್ನು ಕೇಳಿದಾಗ ಸ್ವಾಭಿಮಾನಿಗಳಿಗೆ ಕೋಪ ಬರುವುದು ಸಹಜ. ಕೋಪದಿಂದ ಎರಡು ಬಗೆಯ ಉತ್ತರಗಳು ಹುಟ್ಟುತ್ತವೆ: ಒಂದು ಬೈಗುಳು, ಮತ್ತೊಂದು ಬಡಾಯಿ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂಬ ಬಡಾಯಿಗೆ ಪ್ರಮಾಣವು ಬೇಕಾಗಿರುವುದಿಲ್ಲ. ಆದ್ದರಿಂದಲೇ ಅದಕ್ಕೆ ಬೆಲೆಯೂ ಇರುವುದಿಲ್ಲ. ಹಿರಿಯಣ್ಣನವರು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. 1919ರಲ್ಲಿ ಪುಣೆಯಲ್ಲಿ ಮೊತ್ತಮೊದಲನೆಯ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನವು ನೆರೆಯಿತು. ಭಾರತೀಯ ಸೌಂದರ್ಯಮೀಮಾಂಸೆಯನ್ನು ಕುರಿತು ಅವರು ಆ ಸಮ್ಮೇಳನಕ್ಕಾಗಿ ಒಂದು ಪ್ರಬಂಧವನ್ನು ಬರೆದರು. ಮ್ಯಾಕ್ಸ್ ಮುಲ್ಲರರ ಆಕ್ಷೇಪವನ್ನು ಮರೆಮಾಚದೆ ಎತ್ತಿಕೊಂಡು, ಅದಕ್ಕೆ ಗ್ರಂಥಾಧಾರದಿಂದ, ತಣ್ಣನೆಯ ಮಾತಿನಲ್ಲಿ ಉತ್ತರ ಕೊಟ್ಟರು.

ಆ ದಿನಗಳಲ್ಲಿ ಈ ಕಾರ್ಯವು ಎಷ್ಟು ಕಷ್ಟವಾಗಿತ್ತೆಂಬುದನ್ನು ಇಂದಿನವರು ಅರಿಯುವುದು ಒಳ್ಳೆಯದು. ಆನಂದವರ್ಧನನ ಧ್ವನ್ಯಾಲೋಕವು ಮುಂಬಯಿಯಲ್ಲಿ ಅಚ್ಚಾದದ್ದು 1891ರಲ್ಲಿ. ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತನು ಬರೆದ ಮಹಾವ್ಯಾಖ್ಯಾನದ ಮೊದಲನೆಯ ಸಂಪುಟವು ಬಡೋದೆಯಿಂದ ಹೊರಬಂದದ್ದು 1926ರಲ್ಲಿ, ಅಂದರೆ ಪುಣೆಯ ಪ್ರಬಂಧವಾದ ಏಳು ವರ್ಷಗಳ ಮೇಲೆ. ಭಟ್ಟನಾಯಕನ ಹೃದಯದರ್ಪಣವಂತೂ ನಷ್ಟವಾಗಿಯೇ ಹೋಗಿದೆ. ಅವನನ್ನು ಖಂಡಿಸಿದವರ ಗ್ರಂಥಗಳಿಂದಲೇ ಅವನ ಮತವನ್ನು ಆಯ್ದುಕೊಳ್ಳಬೇಕು. ಎದುರುಪಕ್ಷದ ವಕೀಲರ ವಾದವನ್ನು ಓದಿ ಈಚೆಯ ಪಕ್ಷದ ಅರ್ಜಿಯಲ್ಲಿ ಏನಿತ್ತೆಂದು ತಿಳಿಯಬೇಕಾದಂತೆ ಇದು. ಇಂಥ ಕೆಲಸದಲ್ಲಿ ಹಿರಿಯಣ್ಣನವರದು ನುರಿತ ಕೈ. ಶಂಕರರಿಗಿಂತ ಹಿಂದಿನ ವೇದಾಂತಿಯಾದ ಭರ್ತೃಪ್ರಪಂಚನ ಭಾಷ್ಯವು ಕಳೆದುಹೋಗಿದ್ದರೂ, ಸುರೇಶ್ವರನ ವಾರ್ತಿಕದಲ್ಲಿಯೂ ಆನಂದಗಿರಿಯ ಟೀಕೆಯಲ್ಲಿಯೂ ಚೆದರಿದ್ದ ತುಣುಕುಗಳನ್ನು ಕೂಡಿಸಿ 1924ರಲ್ಲಿ ಆ ಮರೆತ ಆಚಾರ್ಯನನ್ನು ವಿದ್ವಾಂಸರಿಗೆ ಪರಿಚಯ ಮಾಡಿಸಿಕೊಟ್ಟವರು ಅವರು.

ಇನ್ನು ಅವರ ವಿಚಾರದ ಸಾರವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ನಮ್ಮ ಆಲಂಕಾರಿಕರಲ್ಲಿ ಭಾಮಹ, ದಂಡಿ ಮೊದಲಾದ ಹಿರಿಯರು ಕಾವ್ಯದ ಮೈಯನ್ನು ಪರೀಕ್ಷಿಸಿದರು. ಶಬ್ದ, ಅರ್ಥ, ಗುಣ, ದೋಷ, ಅಲಂಕಾರ, ಇವು ಅವರ ವಿಚಾರದ ವಿಷಯಗಳು. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಬಂದು, ಇವೆಲ್ಲ ಹೊರಗಿನ ಮಾತು, ಕಾವ್ಯದ ಜೀವವು ಧ್ವನಿಯಿಂದ ತೋರುವ ರಸದಲ್ಲಿದೆಯೆಂದು ಸಾಧಿಸಿದನು. ಈ ಮಾರ್ಪಾಟನ್ನು ಹಿರಿಯಣ್ಣನವರು ಒಂದು ಸಾಹಿತ್ಯಪಂಥದ ಗೆಲವೆಂದಷ್ಟೇ ನೋಡಲಿಲ್ಲ. ಹೊರಗಿನ ದೇವತೆಗಳಿಂದ ಒಳಗಿನ ಆತ್ಮಕ್ಕೆ ಉಪನಿಷತ್ತಿನ ಋಷಿಗಳು ತಿರುಗಿದ್ದೂ, ಹೊರಗಿನ ಅಲಂಕಾರದಿಂದ ಒಳಗಿನ ರಸಕ್ಕೆ ಆಲಂಕಾರಿಕರು ತಿರುಗಿದ್ದೂ ಒಂದೇ ಜಾತಿಯ ನಡೆಯೆಂದು ಅವರು ತೋರಿಸಿಕೊಟ್ಟರು. ದರ್ಶನವೇ ಬೇರೆ, ಕಾವ್ಯವಿಚಾರವೇ ಬೇರೆ ಎಂದು ಬಗೆದಿದ್ದ ಪಂಡಿತರಿಗೆ ಇದು ಹೊಸ ಕಣ್ಣು ತೆರೆಸಿತು.

ಚಂದ್ರಮತಿಯ ಕಣ್ಣೀರಿಗೆ ಉತ್ತರವು ಇಲ್ಲಿಯೇ ಇದೆ. ನಮ್ಮ ನಿತ್ಯದ ಬಾಳಿನಲ್ಲಿ ನಾವು ನೋಡುವ ಪ್ರತಿಯೊಂದಕ್ಕೂ ನಾನು, ನನ್ನದು ಎಂಬ ಎಳೆಯು ಸುತ್ತಿಕೊಂಡಿರುತ್ತದೆ. ಹೊಲವನ್ನು ಕಂಡರೆ ಅದು ಯಾರ ಹೆಸರಿನಲ್ಲಿದೆ ಎನ್ನುತ್ತೇವೆ. ಮಳೆಯನ್ನು ಕಂಡರೆ ಬೆಳೆಗೆ ಆದೀತೇ ಎನ್ನುತ್ತೇವೆ. ನೆರೆಮನೆಯ ಸಾವಿನಲ್ಲಿಯೂ ನಮ್ಮ ಮನೆಯ ಭಯವು ಬೆರೆತಿರುತ್ತದೆ. ಅದಕ್ಕಾಗಿಯೇ ಅದು ನೋವು. ರಂಗದ ಮೇಲೆ ಕಾಣುವ ದುಃಖವು ನನ್ನದೂ ಅಲ್ಲ, ನನ್ನ ಶತ್ರುವಿನದೂ ಅಲ್ಲ, ಎದುರಿಗೆ ನಿಂತ ನಟನದೂ ಅಲ್ಲ. ಅದು ಯಾರೊಬ್ಬರ ಸೊತ್ತೂ ಆಗಿರದೆ ದುಃಖಮಾತ್ರವಾಗಿ ನಿಲ್ಲುತ್ತದೆ. ಇದಕ್ಕೆ ಭಟ್ಟನಾಯಕನು ಸಾಧಾರಣೀಕರಣವೆಂಬ ಹೆಸರನ್ನಿಟ್ಟನು. ಅದನ್ನು ನೋಡುತ್ತಿರುವಷ್ಟು ಹೊತ್ತು ಪ್ರೇಕ್ಷಕನು ತನ್ನ ಲಾಭನಷ್ಟಗಳನ್ನು ಮರೆಯುತ್ತಾನೆ. ಸಾಲವು ನೆನಪಿಗೆ ಬಾರದು, ಮೇಲಧಿಕಾರಿಯ ಮುಖವು ನೆನಪಿಗೆ ಬಾರದು. ಹೀಗೆ ಅಹಂಕಾರದ ಪೊರೆಯು ಕಳಚಿದಾಗ ಒಳಗಿರುವ ಆನಂದವು ತಾನಾಗಿ ತೋರುವುದೆಂದು ವೇದಾಂತದ ಹಾದಿಯಲ್ಲಿ ನಡೆದವರು ಹೇಳುತ್ತಾರೆ. ಸಾಂಖ್ಯದ ಹಾದಿಯವರು ಇದೇ ಅನುಭವವನ್ನು ಬೇರೆ ಬಗೆಯಾಗಿ ವಿವರಿಸುವರು. ನಿಜವಾದ ಪ್ರಪಂಚದಿಂದ ಕಲ್ಪನೆಯ ಪ್ರಪಂಚಕ್ಕೆ ಹೋದಾಗ ದೊರೆಯುವ ನೆಮ್ಮದಿಯು ಅದು. ಈ ಎರಡು ಎಳೆಗಳೂ ನಮ್ಮ ರಸವಿಚಾರದಲ್ಲಿ ಹೆಣೆದುಕೊಂಡಿರುವುದನ್ನು ಹಿರಿಯಣ್ಣನವರು ಬಿಡಿಸಿ ತೋರಿಸಿದರು.

ಇಷ್ಟಕ್ಕೆ ನಿಂತಿದ್ದರೆ ಅವರು ಕಲೆಯನ್ನು ಹೊಗಳಿದವರ ಪಟ್ಟಿಯಲ್ಲಿ ಒಬ್ಬರಾಗುತ್ತಿದ್ದರು. ಅವರ ಪ್ರಾಮಾಣಿಕತೆಯು ಮುಂದಿನ ಹೆಜ್ಜೆಯಲ್ಲಿ ಕಾಣುತ್ತದೆ. ರಸಾನುಭವಕ್ಕೂ ಮೋಕ್ಷಕ್ಕೂ ಹೋಲಿಕೆಯುಂಟೆಂದು ಹೇಳಿದವರು, ಅವೆರಡಕ್ಕೂ ಇರುವ ಅಂತರವನ್ನು ಅಷ್ಟೇ ಖಂಡಿತವಾಗಿ ಹೇಳಿದರು. ನಾಟಕದ ಸುಖವು ಹೊರಗಿನ ವಸ್ತುವನ್ನು ಅವಲಂಬಿಸಿದ್ದು. ಪರದೆ ಬಿದ್ದ ಕೂಡಲೆ ಅದು ಕರಗುತ್ತದೆ. ಜ್ಞಾನಿಯ ಶಾಂತಿಯು ಅರಿವಿನಿಂದಲೂ ವೈರಾಗ್ಯದಿಂದಲೂ ಪಕ್ವವಾಗಿ ಬಂದದ್ದು, ಅದು ಕರಗುವುದಿಲ್ಲ. ಹರಿಶ್ಚಂದ್ರನ ಸತ್ಯಕ್ಕಾಗಿ ರಾತ್ರಿಯೆಲ್ಲ ಅತ್ತವನು ಬೆಳಗಾದ ಮೇಲೆ ಸುಳ್ಳು ಸಾಕ್ಷಿ ಹೇಳಲಾರನೆಂಬ ಭರವಸೆಯಿಲ್ಲ. ಕಲೆಯು ನಮ್ಮನ್ನು ಒಂದೆರಡು ಗಳಿಗೆಯ ಮಟ್ಟಿಗೆ ಎತ್ತರಕ್ಕೆ ಕರೆದೊಯ್ದು ಅಲ್ಲಿಯ ನೋಟವನ್ನು ತೋರಿಸಬಲ್ಲದು. ಅಲ್ಲಿ ಮನೆ ಮಾಡಿಕೊಂಡು ಇರುವ ಶಕ್ತಿಯನ್ನು ನಾವು ಬೇರೆ ಸಾಧನೆಯಿಂದ ಸಂಪಾದಿಸಿಕೊಳ್ಳಬೇಕು.

ಕಲೆಗೂ ನೀತಿಗೂ ಇರುವ ಸಂಬಂಧವನ್ನು ಕುರಿತ ಅವರ ವಿಚಾರವೂ ಇದೇ ಬುಡದಿಂದ ಬೆಳೆದದ್ದು. ಕವಿಯು ನೀತಿಬೋಧಕನಾಗಬೇಕೆಂದು ಅವರು ವಿಧಿಸಲಿಲ್ಲ. ಬೋಧನೆಯು ಮುಂದೆ ಬಂದರೆ ರಸವು ಹಿಂದೆ ಸರಿಯುವುದು. ಹಾಗೆಂದು ಕಲೆಗೆ ಯಾವ ಕಟ್ಟೂ ಇಲ್ಲವೆಂಬ ಪಕ್ಷವನ್ನೂ ಅವರು ಒಪ್ಪಲಿಲ್ಲ. ಸಹೃದಯನ ಧರ್ಮಬುದ್ಧಿಗೆ ಪೆಟ್ಟು ಬಿದ್ದಲ್ಲಿ ಅವನ ತನ್ಮಯತೆಯೂ ಮುರಿಯುತ್ತದೆ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂಬ ಪ್ರಾಚೀನರ ಮಾತಿನ ಮರ್ಮವು ಇದು. ಇದರಿಂದ ಹೊರಡುವ ವ್ಯಾವಹಾರಿಕ ಪ್ರಯೋಜನವು ಚಿಕ್ಕದಲ್ಲ. ನಾಟಕ, ಚಲನಚಿತ್ರಗಳ ವಿಷಯದಲ್ಲಿ ಒಂದು ಪಕ್ಷದವರು ಎಲ್ಲವನ್ನೂ ನೀತಿಯ ತಕ್ಕಡಿಯಲ್ಲಿ ತೂಗುತ್ತಾರೆ. ಇನ್ನೊಂದು ಪಕ್ಷದವರು ತೂಗುವುದೇ ಅಪರಾಧವೆನ್ನುತ್ತಾರೆ. ರಸಕ್ಕೆ ಭಂಗ ಬಂತೇ ಇಲ್ಲವೇ ಎಂದು ಕೇಳುವ ಮೂರನೆಯ ದಾರಿಯೊಂದು ಉಂಟೆಂಬುದನ್ನು ಇಬ್ಬರೂ ನೆನೆಯಬಹುದು.

1927ರಲ್ಲಿ ಹಿರಿಯಣ್ಣನವರು ಕೆಲಸದಿಂದ ನಿವೃತ್ತರಾದರು. ವಿಶ್ರಾಂತಿವೇತನವು ಬಂದ ಮೇಲೆ ವಿಶ್ರಾಂತಿಯೇ ಕರ್ತವ್ಯವೆಂದು ತಿಳಿದವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅವರಿಗೆ ಲೋಕಖ್ಯಾತಿಯನ್ನು ತಂದ ಎರಡು ಗ್ರಂಥಗಳೂ ಆ ಮೇಲಿನವು. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಹೇಳುವ ಗ್ರಂಥವು 1932ರಲ್ಲಿ ಲಂಡನ್ನಿನಿಂದ ಹೊರಟಿತು. ಮೈಸೂರಿನ ತರಗತಿಗಳಲ್ಲಿ ವರ್ಷಾನುವರ್ಷ ಕೊಟ್ಟ ಉಪನ್ಯಾಸಗಳೇ ಅದಕ್ಕೆ ತಳಹದಿ. ಅಂದಿಗೆ ಅವರ ವಯಸ್ಸು 61. ವಿಮುಕ್ತಾತ್ಮನ ಇಷ್ಟಸಿದ್ಧಿಯನ್ನು ಸಂಪಾದಿಸಿ 1933ರಲ್ಲಿ ಬಡೋದೆಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಅದೇ ದರ್ಶನಗಳ ಸಾರವನ್ನು ಇನ್ನೂ ಸಂಕ್ಷೇಪಿಸಿದ ಗ್ರಂಥವು 1949ರಲ್ಲಿ, ಅವರ 78ನೆಯ ವಯಸ್ಸಿನಲ್ಲಿ ಬಂದಿತು. ಎಂಟು ಮಾತಿನ ಕೆಲಸವನ್ನು ನಾಲ್ಕು ಮಾತಿನಲ್ಲಿ ಮುಗಿಸುವುದು, ತಾನು ಒಪ್ಪದ ಮತವನ್ನೂ ಅದರ ಅನುಯಾಯಿಯು ಮೆಚ್ಚುವಂತೆ ನಿರೂಪಿಸುವುದು, ಇವು ಅವರ ಬರೆವಣಿಗೆಯ ಲಕ್ಷಣಗಳು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಅವರ ಲೇಖನಿಯಿಂದ ಸುಲಭವಾಗಿ ಹೊರಡುತ್ತಿರಲಿಲ್ಲ.

1950ನೆಯ ಇಸವಿಯ ಸೆಪ್ಟೆಂಬರ್ 19ರಂದು ಅವರು ಸ್ವರ್ಗಸ್ಥರಾದರು. ಕಲೆಯನ್ನು ಕುರಿತ ಅವರ ಲೇಖನಗಳು ಅಲ್ಲಲ್ಲಿ ಸಮ್ಮೇಳನದ ವರದಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಚೆದರಿದ್ದವು. ಅವನ್ನು ಒಟ್ಟುಗೂಡಿಸಿ ಮೈಸೂರಿನ ಕಾವ್ಯಾಲಯದವರು 1954ರಲ್ಲಿ ಇಂಗ್ಲಿಷಿನ ಒಂದು ಪುಸ್ತಕವಾಗಿ ಹೊರಡಿಸಿದರು. ಗಾತ್ರದಲ್ಲಿ ಅದು ಚಿಕ್ಕದು. ಆದರೆ ರಸಾನುಭವವನ್ನು ಕುರಿತು ಬರೆಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೆ ಹೋಗುವಂತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1953ರಲ್ಲಿ, ತೀ. ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆಯು ಪ್ರಕಟವಾಗಿ, ಈ ಇಡೀ ಶಾಸ್ತ್ರವು ತಿಳಿಗನ್ನಡದಲ್ಲಿ ಓದುಗರಿಗೆ ದೊರೆಯಿತು. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸ್ ಪ್ರಾಂತದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿತೆಂಬುದನ್ನು ಈ ಊರಿನವರು ಮರೆತಿಲ್ಲ.

ನಾಡು ಒಂದಾಗುವುದೆಂದರೆ ಗಡಿಗೆರೆಯನ್ನು ಬದಲಿಸುವುದು ಮಾತ್ರವಲ್ಲ. ಬಳ್ಳಾರಿಯ ರಂಗಭೂಮಿಯಲ್ಲಿ ಹುಟ್ಟಿದ ಪ್ರಶ್ನೆಗೆ ಮೈಸೂರಿನ ವಿದ್ವಾಂಸರ ಮನೆಯಲ್ಲಿ ಉತ್ತರವಿದ್ದರೆ, ಆ ಎರಡೂ ಒಂದನ್ನೊಂದು ಕಾಣಬೇಕು. ನಟರು ಶಾಸ್ತ್ರವನ್ನು ತಮಗೆ ಬೇಡದ ಹೊರೆಯೆಂದೂ, ಪಂಡಿತರು ನಾಟಕವನ್ನು ತಮಗೆ ತಗದ ವಿನೋದವೆಂದೂ ಎಣಿಸಿ ಬೇರೆ ಬೇರೆ ಕುಳಿತುಕೊಂಡರೆ ಇಬ್ಬರಿಗೂ ನಷ್ಟ. ನಮ್ಮ ಕಾಲೇಜುಗಳಲ್ಲಿ ಕಲಾವಿಮರ್ಶೆಯ ಸಂಶೋಧನೆಯನ್ನು ಕೈಕೊಳ್ಳುವ ಯುವಕ ಯುವತಿಯರು ಹಿರಿಯಣ್ಣನವರ ಪುಸ್ತಕದ ಪಕ್ಕದಲ್ಲಿ ಕೋಲಾಚಲಂ ಅವರ ಪುಸ್ತಕವನ್ನೂ ಇಟ್ಟುಕೊಂಡು ಕೆಲಸಕ್ಕೆ ತೊಡಗಲಿ. ಬಯಲಾಟದ ಭಾಗವತರನ್ನೂ, ಕಂಪನಿ ನಾಟಕಗಳನ್ನು ಕಂಡ ಹಿರಿಯರನ್ನೂ ಮಾತನಾಡಿಸಲಿ. ಪರರ ನಿಂದೆಗೆ ಪ್ರಮಾಣವುಳ್ಳ ಉತ್ತರವನ್ನು ಕೊಡುವುದು, ನಮ್ಮ ಸೊತ್ತನ್ನು ಹೊಗಳುವ ಮೊದಲು ಅದರ ತೂಕವನ್ನೂ ಕೊರತೆಯನ್ನೂ ನಾವೇ ಅರಿಯುವುದು, ಇದು ಹಿರಿಯಣ್ಣನವರು ತೋರಿಸಿದ ದೇಶಸೇವೆ. ಜಯಕಾರಕ್ಕಿಂತ ಅದು ನಿಧಾನವಾದದ್ದು.

ಸತ್ಯನಾರಾಯಣಪೇಟೆಯ ಆ ಮಿತ್ರಮಂಡಲಿಗೆ ನಾವು ಇವೆಲ್ಲವನ್ನೂ ಅಂದು ಹೇಳಲು ಹೊತ್ತು ಸಾಲಲಿಲ್ಲ. ಆದುದರಿಂದ ಇಲ್ಲಿ ಬರೆದಿದ್ದೇವೆ. ಇನ್ನೊಮ್ಮೆ ಹರಿಶ್ಚಂದ್ರನ ಆಟಕ್ಕೆ ಹೋದಾಗ ಕಣ್ಣೀರನ್ನು ಒರಸಿಕೊಳ್ಳಲು ಅವರು ನಾಚಬೇಕಾಗಿಲ್ಲ. ಆದರೆ ಮರುದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ, ರಾತ್ರಿ ಕಂಡ ಎತ್ತರದಲ್ಲಿ ಎಷ್ಟು ಪಾಲು ತಮ್ಮಲ್ಲಿ ಉಳಿದಿದೆಯೆಂದು ಒಂದು ಸಲ ನೋಡಿಕೊಳ್ಳಲಿ.